ಹೊರಡುವ ಮೊದಲೇ ಹೊರಟವನು

2023ರ ನವೆಂಬರ್ 20, ಸೋಮವಾರ ಸಂಜೆ, ಹೊಳೆನರಸೀಪುರದ ಮನೆಯಲ್ಲಿ ನನ್ನ ತಮ್ಮ ಹೃದಯಾಘಾತದಿಂದ ತೀರಿಕೊಂಡ. ಅವನಿಗೆ ನಲವತ್ತೊಂದು ವರ್ಷ. ಮಾರನೇ ದಿನ ಬೆಳಗಿನ ರೈಲಿಗೆ ಅವನು ಹೆಂಡತಿಯೊಂದಿಗೆ ಮೈಸೂರಿಗೆ ಹೋಗಬೇಕಿತ್ತು. ಹೃದಯದ ರಕ್ತನಾಳದ ಪರೀಕ್ಷೆಗೆ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದರು. ನೋವು ಕಾಣಿಸಿಕೊಂಡಾಗ ಮನೆಯಲ್ಲಿ ಅವನ ಜೊತೆ ಇದ್ದವಳು ನಮ್ಮ ಅವ್ವ ಒಬ್ಬಳೇ.

ನಾನು ಹಾಸನದ ಒಂದು ದಿನಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸ ಮಾಡುತ್ತೇನೆ. ಬೈಕ್ ಸವಾರ ಸ್ಥಳದಲ್ಲೇ ಮೃತಪಟ್ಟ ಎಂದು ಮೊದಲ ಪ್ಯಾರಾದಲ್ಲಿ ಬರೆದು, ಆಸ್ಪತ್ರೆಗೆ ಸಾಗಿಸುವಾಗ ಕೊನೆಯುಸಿರೆಳೆದ ಎಂದು ಮೂರನೆಯದರಲ್ಲಿ ಬರೆದರೆ, ವರದಿಗಾರನಿಗೆ ಫೋನ್ ಮಾಡಿ ಎರಡರಲ್ಲಿ ಯಾವುದು ನಿಜ ಎಂದು ಕೇಳುವವಳು ನಾನು. ತಮ್ಮನಿಗೂ ಇದೇ ಚಾಳಿ ಇತ್ತು, ಸಿನಿಮಾಗಳ ವಿಷಯದಲ್ಲಿ. ಅದರಲ್ಲೂ ಮನುಷ್ಯರು ಕಾಲದಲ್ಲಿ ಹಿಂದಕ್ಕೆ ಮುಂದಕ್ಕೆ ಓಡಾಡುವ ಸಿನಿಮಾಗಳು. ಅಂಥವನ್ನು ಅವನಷ್ಟು ಪ್ರೀತಿಯಿಂದ ನೋಡಿದವರನ್ನೂ, ಅವನಷ್ಟು ಬೈದವರನ್ನೂ ನಾನು ಕಂಡಿಲ್ಲ.

ಇದು ಶುರುವಾದದ್ದು ಗೊರೂರಿನಲ್ಲಿ. ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ಅಣೆಕಟ್ಟೆಯ ಹತ್ತಿರದ ಕ್ವಾರ್ಟರ್ಸಿಗೆ ಕೇಬಲ್ ಬಂದ ಹೊಸದರಲ್ಲಿ ನಾನೂ ಅವನೂ ಅರ್ಥವಾಗದ ಭಾಷೆಯ ಒಂದು ಸಿನಿಮಾ ನೋಡಿದೆವು. ಒಬ್ಬ ಒಂದು ಯಂತ್ರದೊಳಗೆ ಕೂತು ನಿನ್ನೆಗೆ ಹೋಗಿ ಇಳಿಯುತ್ತಾನೆ. ತಮ್ಮ ನನ್ನ ಕಡೆ ತಿರುಗಿ, "ಅಕ್ಕ, ನಿನ್ನೆ ಇವ್ನು ಅಲ್ಲೇ ಇದ್ನಲ್ಲ, ಅವ್ನೆಲ್ಲೋದ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಸಿನಿಮಾದವರಿಗೂ ಹೊಳೆದಿರಲಿಲ್ಲ. ಅವರು ಆ ಮಾತನ್ನೇ ಎತ್ತದೆ ಕತೆ ಮುಗಿಸಿದರು.

ಅಪ್ಪ ಹೋದ ಮೇಲೆ ಅವ್ವ ಹೊಳೆನರಸೀಪುರದಲ್ಲಿ ಮನೆ ಮಾಡಿದಳು. ತಮ್ಮ ಅಲ್ಲೇ ಫ್ಲೆಕ್ಸ್ ಅಂಗಡಿ ಇಟ್ಟ. ಹುಟ್ಟುಹಬ್ಬದ ಶುಭಾಶಯ, ನಾಮಕರಣದ ಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲವೂ ಅವನ ಮೆಷಿನ್ನಿನಿಂದ ಬರುತ್ತಿದ್ದವು. ಮದುವೆಯಾದದ್ದು ಚನ್ನರಾಯಪಟ್ಟಣದ ಹುಡುಗಿಯನ್ನು. ಅವಳಿಗೆ ಹಳೇಕೋಟೆಯ ಸರ್ಕಾರಿ ಶಾಲೆಯಲ್ಲಿ ಕೆಲಸ. ಅವರಿಗೆ ಮಕ್ಕಳಾಗಲಿಲ್ಲ.

ನನಗೆ ರಜೆಯಿದ್ದ ದಿನ ಹಾಸನದಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಮುದ್ದೆ ಸಾರು ಉಂಡು ಟಿ.ವಿ. ಮುಂದೆ ಕೂತರೆ ಅವನು ಆರಿಸಿಟ್ಟ ಸಿನಿಮಾ ಶುರು. ಕತೆಯಲ್ಲಿ ಹೊಂದದ ಜಾಗಕ್ಕೆ ಅವನು ಇಟ್ಟ ಹೆಸರು 'ತೂತು'. ಕಂಡ ತಕ್ಷಣ ಕೈಯೆತ್ತಬೇಕು. ಮೊದಲು ಎತ್ತಿದವರಿಗೆ ಗೆಲುವು.

"ತೂತು!" ಎಂದು ಅವನು ಒಂದು ಸಲ ಸೋಫಾದಿಂದ ಎದ್ದೇ ನಿಂತ. "ಆ ನಕ್ಷೆ ಇವ್ನಿಗೆ ಯಾರು ಕೊಟ್ರು? ವಯಸ್ಸಾದ ಇವ್ನೇ ಕೊಟ್ಟ. ವಯಸ್ಸಾದೋನ್ಗೆ ಎಲ್ಲಿಂದ ಬಂತು? ಚಿಕ್ಕೋನಿದ್ದಾಗ ಇಸ್ಕಂಡಿದ್ದ. ಅಂಗಾದ್ರೆ ಬರ್ದೋರ್ಯಾರು?"

"ಯಾರೂ ಬರೆದಿಲ್ಲ" ಅಂದೆ.

"ಯಾರೂ ಬರೀದೆ ಗೆರೆ ಎಲ್ಲಿಂದ ಬಂದ್ವಕ್ಕ? ನನ್ನ ಅಂಗ್ಡೀಲಿ ಡಿಸೈನ್ ಮಾಡ್ದೆ ಪ್ರಿಂಟು ಬಂದ್ಬುಟ್ರೆ ನಾನು ಅರ್ಧ ದಿನ ಮಲಗ್ಬೋದಿತ್ತು."

ಅಡಿಗೆಮನೆಯಿಂದ ಅವ್ವ, "ಮಲಗೋದ್ರಲ್ಲಿ ಈಗೇನ್ ಕಮ್ಮಿ ಮಾಡಿದ್ದೀಯ ಬುಡು" ಅಂದಳು.

ಅವ್ವ ಕೂತು ನೋಡುತ್ತಿರಲಿಲ್ಲ. ಅವರೆಕಾಯಿ ಸುಲಿಯುತ್ತ, ಒಳಗೂ ಹೊರಗೂ ಓಡಾಡುತ್ತ ಕಿವಿ ಮಾತ್ರ ಇಲ್ಲಿ ಇಟ್ಟಿರುತ್ತಿದ್ದಳು. ತಮ್ಮನ ಹೆಂಡತಿ ಒಂದು ಮೂಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಇರುತ್ತಿದ್ದಳು. ನಾವು ಕೂಗಾಡಿದರೆ ತಲೆಯೆತ್ತಿ, "ಆ ಡೈರೆಕ್ಟರಿಗೆ ನೀವಿಬ್ಬರೂ ಸಿಗಬಾರದು" ಅನ್ನುವಳು.

ಭೂಮಿ ಸುತ್ತುವ ವಿಷಯ ತಮ್ಮನಿಗೆ ಬಲು ಇಷ್ಟ. ಒಂದು ದಿನ ಹಿಂದಕ್ಕೆ ಹೋದವನು ಅದೇ ಕೋಣೆಯಲ್ಲಿ ಹೇಗೆ ಇಳಿಯುತ್ತಾನೆ ಎಂಬುದು ಅವನ ತಕರಾರು. ಭೂಮಿ ಆ ಹೊತ್ತಿಗೆ ಬೇರೆಲ್ಲೋ ಇರುತ್ತದೆ. "ಇವ್ನು ನಿನ್ನೆಗೆ ಓಗಿ ಇಳ್ಕಂಡ್ರೆ ಅಲ್ಲಿ ನರಸೀಪುರಾನೂ ಇರಕ್ಕಿಲ್ಲ, ಹೇಮಾವತೀನೂ ಇರಕ್ಕಿಲ್ಲ. ಬರೀ ಕತ್ಲೆ. ಉಸ್ರು ಕಟ್ಕಂಡು ಸಾಯ್ತಾನೆ."

"ಅಂಗಾರೆ ಓಗದೇ ಇರದೇ ವಾಸಿ" ಎಂದಳು ಅವ್ವ.

ಎಲ್ಲಕ್ಕಿಂತ ದೊಡ್ಡ ತೂತು ಅವನ ಪ್ರಕಾರ ಒಂದೇ. ಏನೋ ಅನಾಹುತ ಆಗಿದೆ, ಅದನ್ನು ತಪ್ಪಿಸಲು ಒಬ್ಬ ಹಿಂದಕ್ಕೆ ಹೋಗುತ್ತಾನೆ, ತಪ್ಪಿಸುತ್ತಾನೆ. ಅನಾಹುತವೇ ಆಗದಿದ್ದರೆ ಅವನು ಹೊರಡುವುದಕ್ಕೆ ಕಾರಣ ಎಲ್ಲಿ ಉಳಿಯಿತು? ಕಾರಣವಿಲ್ಲದೆ ಅವನು ಹೋಗಲಿಲ್ಲ. ಅವನು ಹೋಗಲಿಲ್ಲವಾದ್ದರಿಂದ ಅನಾಹುತ ಆಯಿತು. ಇದನ್ನು ಹೇಳುವಾಗ ಅವನು ತೋರುಬೆರಳಿನಿಂದ ಗಾಳಿಯಲ್ಲಿ ಸುತ್ತುತ್ತಿದ್ದ, ಎಲ್ಲಿಯೂ ನಿಲ್ಲಿಸದೆ. ತೂತುಗಳಲ್ಲಿ ಎರಡು ಜಾತಿ ಎಂದೂ ಹೇಳುತ್ತಿದ್ದ. ಸಿನಿಮಾದವರು ಮರೆತದ್ದು ಒಂದು. ಅವರಿಗೆ ಗೊತ್ತಿದ್ದೂ ಯಾರೂ ಕೇಳದಿರಲಿ ಎಂದು ಮುಚ್ಚಿಟ್ಟದ್ದು ಇನ್ನೊಂದು.

2023ರ ದೀಪಾವಳಿಯ ಮುಂಚೆ ಅವನಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತೆ ಆಗತೊಡಗಿತು. ಊರಿನ ವೈದ್ಯರು ಇಸಿಜಿ ನೋಡಿ ಮೈಸೂರಿಗೆ ಬರೆದುಕೊಟ್ಟರು. ಅಲ್ಲಿಯವರೆಗೆ ಅಂಗಡಿಗೆ ಹೋಗಬೇಡ, ನೋವು ಬಂದರೆ ಈ ಮಾತ್ರೆ ನಾಲಿಗೆ ಕೆಳಗಿಟ್ಟುಕೋ, ಯಾವಾಗಲೂ ಜೇಬಿನಲ್ಲೇ ಇರಲಿ ಎಂದರು. ಅವನು ಹಾಗೆಯೇ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮೈಸೂರಿನವರು ಕೊಟ್ಟದ್ದು ಮಂಗಳವಾರ. ಅವ್ವನಿಗೆ ಅದೇ ಕಿರಿಕಿರಿಯಾಯಿತು. ಮಂಗಳವಾರ ನಮ್ಮಲ್ಲಿ ಯಾರೂ ಇಂಥ ಕೆಲಸಕ್ಕೆ ಮನೆಯಿಂದ ಹೊರಡುವುದಿಲ್ಲ. ಆಸ್ಪತ್ರೆಯವರನ್ನು ದಿನ ಬದಲಾಯಿಸಿ ಎಂದು ಕೇಳುವ ಹಾಗಿಲ್ಲ. ಇದಕ್ಕೆ ನಮ್ಮ ಕಡೆ ಹಿಂದಿನಿಂದ ಬಂದ ಒಂದು ಪರಿಹಾರ ಇದೆ, ಪರಸ್ಥಾನ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲಿನ ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಚೀಲವನ್ನು, ಹೊರಡುವಾಗ ಹಾಕಿಕೊಳ್ಳುವ ಬಟ್ಟೆಯ ಸಮೇತ, ನೆರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಚೀಲ ಹೊಸಿಲು ದಾಟಿದಾಗಲೇ ಮನುಷ್ಯ ಹೊರಟ ಹಾಗೆ. ಆಮೇಲೆ ಅವನು ಯಾವಾಗ ಬೇಕಾದರೂ ಹೋಗಬಹುದು, ದೋಷವಿಲ್ಲ. ಒಂದೇ ನಿಯಮ: ಇಟ್ಟ ಚೀಲ ಮತ್ತೆ ಮನೆಯೊಳಗೆ ಬರಕೂಡದು. ಬಂದರೆ ಹೊರಟವನು ಅರ್ಧ ದಾರಿಯಿಂದ ಹಿಂತಿರುಗಿದ ಹಾಗೆ; ಆ ಪ್ರಯಾಣ ಕೆಟ್ಟಿತು.

ಸೋಮವಾರ ಬೆಳಿಗ್ಗೆ ರಾಹುಕಾಲ ಕಳೆದ ಮೇಲೆ ಅವ್ವ ಚೀಲ ಕಟ್ಟಿದಳು. ವೈದ್ಯರ ರಿಪೋರ್ಟು, ಟವೆಲ್ಲು, ಒಂದು ಲುಂಗಿ. ಮೊಳೆಗೆ ನೇತುಹಾಕಿದ್ದ ಅವನ ನೀಲಿ ಶರಟನ್ನು ಮಡಚಿ ಮೇಲಿಟ್ಟಳು. ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಬಂದಳು. ಎರಡು ಮನೆಗೂ ಒಂದೇ ಗೋಡೆ. ಅವ್ವನಿಗೂ ಆಕೆಗೂ ಅಕ್ಕ ತಂಗಿಯರಷ್ಟು ಬಳಕೆ.

ಆ ದಿನ ತಮ್ಮ ನನಗೆ ಫೋನ್ ಮಾಡಿದ. ದನಿಯಲ್ಲಿ ಸುಸ್ತಿತ್ತು, ನಗುವೂ ಇತ್ತು.

"ಅಕ್ಕ, ಅವ್ವ ನನ್ನ ಇವತ್ತೇ ಕಳಿಸ್ಬುಟ್ಳು ಕಣೇ."

"ನಾಳೆ ಅಲ್ವೇನೋ?"

"ಪರಸ್ತಾನ ಇಟ್ಟವಳೆ. ನಾನು ಇಲ್ಲೇ ಮಂಚದ ಮೇಲೆ ಕೂತಿವ್ನಿ, ಆದ್ರೆ ಒಂಟೋಗಿವ್ನಿ. ಇಷ್ಟು ಸಿನಿಮಾ ನೋಡಿದ್ವಲ್ಲ, ಒಬ್ರಿಗಾದ್ರೂ ಇದು ಒಳೀತಾ? ಮೆಷಿನ್ನಿಲ್ಲ, ಕರೆಂಟಿಲ್ಲ. ಒಂದ್ ಬ್ಯಾಗು ಸಾಕು."

"ಹೋದವನೂ ಇರೋನೂ ಎದುರುಬದುರು ಸಿಗದ ಹಾಗೆ ನೋಡ್ಕೋ. ಸಿಕ್ಕರೆ ಜಗತ್ತು ಮುಳುಗುತ್ತೆ" ಅಂದೆ.

"ಗೋಡೆ ಅಡ್ಡ ಐತೆ ಬುಡು" ಅಂದ.

ನಾವಿಬ್ಬರೂ ಆಡಿದ ಕೊನೆಯ ಮಾತು ಅದು.

ಮಧ್ಯಾಹ್ನ ಪಕ್ಕದ ಮನೆಯಾಕೆಗೆ ಅರಕಲಗೂಡಿನಿಂದ ಕರೆ ಬಂತು. ಅಲ್ಲಿದ್ದ ಮಗಳಿಗೆ ಲೆಕ್ಕಕ್ಕಿಂತ ಮೊದಲೇ ಹೆರಿಗೆ ನೋವು. ಆಕೆ ಮನೆಗೆ ಬೀಗ ಹಾಕಿ ಬಸ್ಸು ಹತ್ತಿದಳು. ಸಂಜೆ ತಮ್ಮನಿಗೆ ಎದೆನೋವು ಬಂತು. ಅವನು ಜೇಬು ಮುಟ್ಟಿ ನೋಡಿಕೊಂಡ. ಮಾತ್ರೆ ಇದ್ದದ್ದು ನೀಲಿ ಶರಟಿನಲ್ಲಿ. ಅವ್ವ ಬೀದಿಗೆ ಓಡಿ ಆಟೋ ಕರೆದಳು. ಆಟೋದವನೂ ಇನ್ನಿಬ್ಬರೂ ಸೇರಿ ಅವನನ್ನು ಎತ್ತಲು ಒಳಗೆ ಬಂದಾಗ ಉಸಿರಿರಲಿಲ್ಲ. ಅವನ ಹೆಂಡತಿ ಹಳೇಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬಸ್ಸಿಳಿದು ನಡೆದು ಬಂದವಳು ಮನೆಯ ಮುಂದೆ ಜನ ನೋಡಿದಳು. ಅದೇ ಸಂಜೆ ಅರಕಲಗೂಡಿನಲ್ಲಿ ಪಕ್ಕದ ಮನೆಯಾಕೆಗೆ ಮೊಮ್ಮಗಳು ಹುಟ್ಟಿತು.

ಬಂದವರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು. "ಮಾತ್ರೆ ಪಕ್ಕದ ಮನೇಲಿ ಚೀಲ್ದಲ್ಲಿತ್ತು. ಮನೆ ಬೀಗ ಆಕಿತ್ತು." ಕೇಳಿದವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಯಾರ ತಪ್ಪೂ ಅಲ್ಲದ ತಪ್ಪು ಅದು. ಹೆಂಡತಿ ಗೋಡೆಗೆ ಒರಗಿ ಕೂತು ಆ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಳೋ. ಒಂದು ಸಲವೂ ತಲೆಯೆತ್ತಲಿಲ್ಲ.

ಹನ್ನೊಂದನೇ ದಿನದ ತಿಥಿಯಲ್ಲಿ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದ ಮನೆಯಾಕೆ ನನ್ನ ಹತ್ತಿರ ಬಂದು ಕೂತಳು. ಅತ್ತು ಅತ್ತು ಆಕೆಯ ಮುಖ ಊದಿತ್ತು.

"ನಾನು ಆವತ್ತೇ ಓಗ್ಬೇಕಿತ್ತಾ ಕಣವ್ವ? ನಾನಿದ್ದಿದ್ರೆ ಚೀಲ ತಂದು ಬಿಸಾಕ್ತಿದ್ದೆ. ಬೀಗದ ಕೈಯಾದ್ರೂ ಅಲ್ಲೇ ಇತ್ತು. ಮೀಟ್ರು ಬೋರ್ಡಿನ ಮ್ಯಾಲೆ, ಯಾವಾಗ್ಲೂ ಇಡೋ ತಾವು. ನಿಮ್ಮವ್ವಂಗೆ ಗಾಬ್ರೀಲಿ ಮರೆತೋಯ್ತೇನೋ."

ಇಷ್ಟು ಹೇಳಿ ಆಕೆ ನನ್ನ ಮುಖ ನೋಡಿದಳು, ಮಾತು ನಿಲ್ಲಿಸಿದಳು. ನಾನು ತೊಳೆಯುತ್ತಿದ್ದ ತಪ್ಪಲೆಯನ್ನು ಇನ್ನೊಂದು ಸಲ ತೊಳೆದೆ.

ಆ ಬೀಗದ ಕೈ ಎಲ್ಲಿರುತ್ತದೆಂದು ಅವ್ವನಿಗೆ ಗೊತ್ತಿತ್ತು. ಆಕೆ ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುತ್ತಿದ್ದವಳು, ಹಾಲು ತೆಗೆದು ಒಳಗಿಡುತ್ತಿದ್ದವಳು ಅವ್ವನೇ. ವರದಿಯಲ್ಲಿ ಇಂಥದ್ದು ಕಂಡರೆ ಫೋನ್ ಎತ್ತುವುದು ನನಗೆ ರೂಢಿ. ಇದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಗಾಬರಿಯಲ್ಲಿ ಮರೆತಿರಬಹುದು. ಮರೆತ ತೂತು, ಮುಚ್ಚಿಟ್ಟ ತೂತು: ಎರಡರಲ್ಲಿ ಇದು ಯಾವುದೆಂದು ಹೇಳಬಲ್ಲವನು ಅಷ್ಟರಲ್ಲಿ ಗೋಡೆಯ ಮೇಲಿನ ಫೋಟೋದಲ್ಲಿದ್ದ. ಶ್ರದ್ಧಾಂಜಲಿಯ ಫ್ಲೆಕ್ಸನ್ನು ಅವನ ಅಂಗಡಿಯಲ್ಲೇ, ಅವನ ಮೆಷಿನ್ನಿನಲ್ಲೇ ಮಾಡಿಸಿದ್ದರು.

ಮಾತ್ರೆಯ ಬಗ್ಗೆ ಮಾತ್ರ ಕೇಳಿದೆ. ನಮ್ಮ ಪತ್ರಿಕೆಗೆ ಆರೋಗ್ಯದ ಅಂಕಣ ಬರೆಯುವ ವೈದ್ಯರೊಬ್ಬರಿದ್ದಾರೆ. ಯಾರ ವಿಷಯ ಎಂದು ಹೇಳದೆ ವಿವರಿಸಿದೆ. ಆ ಮಾತ್ರೆ ನೋವು ಇಳಿಸುತ್ತದೆ, ದೊಡ್ಡ ಆಘಾತವಾದರೆ ಅದೊಂದರಿಂದಲೇ ಜೀವ ಉಳಿಯುತ್ತದೆ ಎಂದು ಹೇಳಲಾಗದು, ಉಳಿಯುತ್ತಿರಲಿಲ್ಲ ಎಂದೂ ಹೇಳಲಾಗದು ಎಂದರು. ನಾನು ಅವ್ವನಿಗೆ ಮೊದಲ ಅರ್ಧವನ್ನಷ್ಟೇ ಹೇಳಬಹುದಿತ್ತು. ಎರಡನ್ನೂ ಹೇಳಿದೆ. ಅವಳು "ಊಂ" ಅಂದಳು.

ಬೇಸಿಗೆಯಲ್ಲಿ ಅವ್ವನನ್ನು ಕೆಲವು ದಿನದ ಮಟ್ಟಿಗೆ ಹಾಸನಕ್ಕೆ ಕರೆತಂದೆ. ಶಾಲೆಗೆ ರಜೆಯಾಗಿ ತಮ್ಮನ ಹೆಂಡತಿ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಒಂದು ಮಧ್ಯಾಹ್ನ ನಾನು ಟಿ.ವಿ. ಹಾಕಿದೆ. ಕನ್ನಡಕ್ಕೆ ಡಬ್ ಮಾಡಿದ ಒಂದು ಸಿನಿಮಾ ಅರ್ಧ ಓಡಿತ್ತು, ಅದೇ ಜಾತಿಯದು. ಬಂದ್ ಮಾಡಲು ರಿಮೋಟ್ ಎತ್ತಿದೆ.

"ಇರ್ಲಿ ಬುಡು" ಅಂದಳು ಅವ್ವ. ಮೊದಲ ಸಲ ಕೂತು ನೋಡಿದಳು. ಒಬ್ಬ ಹಳೆಯ ರೈಲು ನಿಲ್ದಾಣದಲ್ಲಿ ತನ್ನನ್ನೇ ದೂರದಿಂದ ನೋಡುತ್ತ ನಿಂತಿದ್ದ. ಅವ್ವ ಬಹಳ ಹೊತ್ತು ನೋಡಿ ಕೇಳಿದಳು.

"ಇವ್ನು ಅವ್ನ ತಾವ್ಕೋಗಿ ಮಾತಾಡ್ಸಬೋದಾ?"

"ಕೆಲವು ಸಿನಿಮಾದಲ್ಲಿ ಆಗುತ್ತೆ, ಕೆಲವದರಲ್ಲಿ ಆಗಲ್ಲ."

"ಮಾತಾಡ್ಸಿದ್ರೆ ಅವ್ನು ಕೇಳ್ತಾನಾ?"

"ಗೊತ್ತಿಲ್ಲವ್ವ. ನೋಡೋಣ."

ಅವಳು ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಾತು ಮುಂದುವರಿಸಿದಳು.

"ಬೀಗದ ಕೈ ತಗಂಡಿದ್ದೆ ಕಣವ್ವ ನಾನು. ಬಾಗ್ಲೂ ತೆಗ್ದಿದ್ದೆ. ಚೀಲ ಅಲ್ಲೇ ಕುರ್ಚಿ ಮ್ಯಾಲಿತ್ತು. ಕೈ ಇಕ್ದೆ. ತಗಂಡೋದ್ರೆ ನಾಳೀಕೆ ಇವ್ನು ಮೈಸೂರ್ಗೆ ಓಗಿ ವಾಸಿಯಾಗಿ ಬರಕ್ಕಿಲ್ಲ ಅಂತ ಮನಸ್ಗೆ ಬಂತು. ಒಂಟೋನು ಇಂದಕ್ಕೆ ಬರಬಾರ್ದಲ್ಲ. ಶರ್ಟೊಂದೇ ತಗಳನಾ, ಚೀಲ ಅಲ್ಲೇ ಇರ್ಲಿ, ಅಂದ್ಕಂಡೆ. ಶರ್ಟೂ ಅದ್ರಲ್ಲೇ ಸೇರಿದ್ದು ತಾನೇ? ಮಾತ್ರೆ ಒಂದೇ ತಗಂಡ್ರೆ? ಅದಕ್ಕೆ ದೋಸ ಐತಾ ಇಲ್ವಾ ಅಂತ ಯಾರ್ನ ಕೇಳ್ಲಿ? ನಿಂತ್ಕಂಡೆ. ಎಷ್ಟೊತ್ತು ನಿಂತಿದ್ನೋ. ಆಮೇಕೆ ಅಂಗೇ ಬೀಗ ಆಕ್ಬುಟ್ಟು ಬೀದಿಗೆ ಓಡ್ದೆ."

ಟಿ.ವಿ.ಯಲ್ಲಿ ಯಾರೋ ಓಡುತ್ತಿದ್ದರು. ನಾನು ದನಿ ಸಣ್ಣ ಮಾಡಿದೆ.

"ಅವ್ನು ಇದ್ದಾಗ ನೀವಿಬ್ರೂ ಮಾತಾಡದ್ ಕೇಳಿ ನಗ್ತಿದ್ದೆ. ಈಗ ನಾನೇ ದಿನಾ ಓಯ್ತೀನಿ ಅಲ್ಲೀಗೆ. ಬಾಗ್ಲಲ್ಲಿ ನಿಂತವಳಲ್ಲ, ಅವಳ್ಗೆ ಏಳ್ತೀನಿ, ತಗಳೇ, ಅದೇನ್ ದೋಸ ಬಂದ್ರೂ ಬರ್ಲಿ, ತಗಂಡೋಗಿ ಕೊಡೇ ಅಂತ. ಅವಳು ಕೇಳಕ್ಕಿಲ್ಲ ಕಣವ್ವ. ನಂಗೊತ್ತು ಅವಳು. ಅವ್ನು ಉಳೀಲಿ ಅಂತ್ಲೇ ನಿಂತವಳೆ ಅವಳು."

ನಾನು ಅವಳ ಕೈ ಹಿಡಿದುಕೊಂಡೆ. ಸಿನಿಮಾ ಮುಗಿಯಿತು, ಜಾಹೀರಾತು ಬಂತು. ಅವ್ವ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, "ಅವಳಿಗೆ ಏಳ್ಬೇಕು" ಅಂದಳು. ಸೊಸೆಗೆ. "ನಂಗೆ ಅನ್ನ ಆಕೋಳು ಅವಳು. ಒಂದೇ ಮನೇಲಿ ಕೂತ್ಕಂಡು ಅವಳ ಮುಂದೆ ಸುಳ್ ನುಂಗ್ತಾವ್ನಿ. ಏಳುದ್ರೆ ಎದ್ದೋಗ್ತಾಳೆ ಅಂತ ಬಯ. ಅವಳೂ ಓದ್ರೆ ಅವ್ನ ಮನೇಲಿ ಅವ್ನು ಇದ್ದಿದ್ಕೆ ಏನೈತೆ ಗುರ್ತು?"

"ಯಾವಾಗ ಹೇಳ್ಬೇಕು ಅನ್ಸುತ್ತೋ ಆಗ ಹೇಳವ್ವ. ನಾನು ಹೇಳಲ್ಲ" ಅಂದೆ. ಅದನ್ನು ಹೇಳಬೇಕಾದವಳು ಅವಳು. ನಾನು ಹೇಳಿದರೆ ಅದು ಬೇರೆ ಸುದ್ದಿಯಾಗುತ್ತಿತ್ತು.

ಅವಳು ಹೇಳಲು ವರ್ಷದ ತಿಥಿಯವರೆಗೆ ಸಮಯ ತೆಗೆದುಕೊಂಡಳು. ಆ ನಡುವೆ ನಾನು ಹೊಳೆನರಸೀಪುರಕ್ಕೆ ಹೋದಾಗಲೆಲ್ಲ ಇಬ್ಬರನ್ನೂ ನೋಡುತ್ತಿದ್ದೆ. ಸೊಸೆ ಶಾಲೆಗೆ ಹೋಗುವ ಮೊದಲು ಅತ್ತೆಯ ಬಿಪಿ ಮಾತ್ರೆಯನ್ನು ತಟ್ಟೆಯ ಪಕ್ಕ ಇಟ್ಟು ಹೋಗುವಳು. ಅತ್ತೆ ಸೊಸೆಯ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುವಳು. ಮಾತು ಕಡಿಮೆ, ಆದರೆ ಒರಟಿಲ್ಲ. ಟಿ.ವಿ.ಯ ಮೇಲೆ ಬಟ್ಟೆ ಹೊದೆಸಿದ್ದರು.

ತಿಥಿಯ ಮಾರನೇ ದಿನ ನೆಂಟರೆಲ್ಲ ಹೋದರು. ಉಳಿದವರು ನಾವು ಮೂವರೇ. ಸೊಸೆ ಅಡಿಗೆಮನೆಯಲ್ಲಿ ಉಳಿದ ವಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದಳು. ನನಗೆ ಹೇಳಿದಷ್ಟೂ ಹೇಳಿದಳು. ಬೀಗದ ಕೈ, ಬಾಗಿಲು, ಕುರ್ಚಿ, ಶರಟು. ಒಂದನ್ನೂ ಬಿಡಲಿಲ್ಲ, ತನ್ನ ಪರವಾಗಿ ಒಂದನ್ನೂ ಸೇರಿಸಲಿಲ್ಲ. ನಾನು ನಡುಮನೆಯಲ್ಲಿ ಚಾಪೆ ಸುತ್ತುತ್ತಿದ್ದವಳು ಹಾಗೇ ಕೂತೆ.

ಸೊಸೆ ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಹಾಕಿದಳು.

"ಸರಿ ಅತ್ತೆ" ಅಂದಳು. ಡಬ್ಬಿಯನ್ನು ಪಕ್ಕಕ್ಕಿಟ್ಟು, "ಕೂತ್ಕೊಳ್ಳಿ. ಕಾಲು ನೋಯುತ್ತೆ ನಿಮಗೆ."

"ಬಯ್ಯವ್ವ. ಒಂದ್ ಮಾತು ಬಯ್ದುಬುಡು."

"ಕಾಫಿ ಇಡ್ತೀನಿ" ಅಂದಳು ಅವಳು.

ಬಯ್ಯಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಅವ್ವ ಒಂದೆರಡು ವಾರ ಹೆದರುತ್ತಲೇ ಇದ್ದಳು. ಆಮೇಲೆ ಫೋನಿನಲ್ಲಿ ಅವಳ ದನಿ ಹಗುರಾಯಿತು. "ಅಂಗೇ ಅವಳೆ ಕಣವ್ವ. ಮಾತ್ರೆ ಇಡ್ತಾಳೆ. ನೆನ್ನೆ ಇಬ್ರೂ ಸಂತೆಗೆ ಓಗಿದ್ವು" ಎಂದು ಹೇಳಿದಳು. ಟಿ.ವಿ.ಯ ಮೇಲಿನ ಬಟ್ಟೆ ತೆಗೆದರಂತೆ. ನಾನೂ ನಂಬಿದೆ.

ಅದಾದ ಮೇಲೆ ಸೊಸೆಗೆ ವರ್ಗಾವಣೆ ಆದೇಶ ಬಂತು. ಹಳೇಕೋಟೆಯಿಂದ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ. ತವರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದು. ಅವ್ವ ನನಗೆ ಫೋನ್ ಮಾಡಿದಳು.

"ಏಳ್ಬಾರ್ದಿತ್ತು ಕಣವ್ವ ನಾನು" ಅಂದಳು. "ಏಳ್ದೆ, ಓದ್ಲು."

ಅವಳು ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಸಾಮಾನು ಇದ್ದುದರಿಂದ ನಾನು ಕಾರು ತಂದಿದ್ದೆ. ಎರಡು ಸೂಟ್‌ಕೇಸು, ಪುಸ್ತಕದ ಪೆಟ್ಟಿಗೆ, ಒಂದು ಮಿಕ್ಸಿ. ಅವ್ವನೇ ಎಲ್ಲವನ್ನೂ ಹಗ್ಗ ಹಾಕಿ ಕಟ್ಟಿದ್ದಳು. ಹೊರಡುವ ಹೊತ್ತು ರಾಹುಕಾಲದೊಳಗಿತ್ತು. ಅವ್ವ ಗೋಡೆಯ ಗಡಿಯಾರ ನೋಡಿದಳು, ಸೊಸೆಯನ್ನು ನೋಡಿದಳು, ಹೊಸಿಲಿನಿಂದ ಪಕ್ಕಕ್ಕೆ ಸರಿದಳು. ಸೊಸೆ ಬಗ್ಗಿ ಕಾಲು ಮುಟ್ಟಿದಳು. "ಬತ್ತಿರವ್ವ" ಎಂದಳು ಅವ್ವ. "ಬರ್ತೀನಿ ಅತ್ತೆ" ಎಂದಳು ಅವಳು.

ಕಾರು ಊರು ದಾಟಿತು. ತೆಂಗಿನ ತೋಟಗಳು ಶುರುವಾದ ಮೇಲೆ ನಾನೇ ಕೇಳಿದೆ.

"ಅವ್ವ ಹೇಳಿದ್ದು ತಡ್ಕೊಳ್ಳಕ್ಕಾಗ್ಲಿಲ್ವಾ?"

ಅವಳು ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಿದಳು.

"ಅತ್ತಿಗೆ, ನಾನು ವರ್ಗಾವಣೆಗೆ ಅರ್ಜಿ ಹಾಕಿದ್ದು ವರ್ಷದ ತಿಥಿಗೆ ಮುಂಚೆ."

ನಾನು ಕಾರು ನಿಧಾನ ಮಾಡಿದೆ.

"ಬೀಗದ ಕೈ ಎಲ್ಲಿರುತ್ತೆ ಅಂತ ನನಗೂ ಗೊತ್ತಿತ್ತಲ್ಲ. ಅವರ ಮನೆ ಗಿಡಕ್ಕೆ ಭಾನುವಾರ ನೀರು ಹಾಕ್ತಿದ್ದೋಳು ನಾನು. ಮೊದಲ್ನೇ ದಿನವೇ ಗೊತ್ತಾಯ್ತು. ಬೀಗ ಹಾಕಿತ್ತು ಅಂದರಲ್ಲ, ಆಗ್ಲೇ. ನೀವಿಬ್ರೂ ಕೈಯೆತ್ತೋ ಆಟ ಆಡ್ತಿದ್ರಿ. ಎತ್ತದೇ ಇದ್ದ ಮಾತ್ರಕ್ಕೆ ನನಗೆ ಕಾಣಲ್ಲ ಅಂತ ಅಲ್ಲ."

ಎದುರಿನಿಂದ ಬಸ್ಸೊಂದು ಹೋಯಿತು. ಅವಳು ಅದು ಹೋಗಲೆಂದು ಕಾದಳು.

"ಅವರು ಹೇಳ್ತಾರೆ ಅಂತ ಕಾಯ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ. ದಿನಾ ತಟ್ಟೆ ಹಾಕುವಾಗ ಅಂದ್ಕೊಳ್ಳೋಳು, ಈಗ ಹೇಳ್ತಾರೆ ಅಂತ. ಕೊನೆಗೆ ಆಗ್ಲಿಲ್ಲ. ಅರ್ಜಿ ಹಾಕ್ಬಿಟ್ಟೆ. ಹಾಕಿದ್ಮೇಲೆ ಹೇಳಿದ್ರು."

"ವಾಪಸ್ ತಗೋಬಹುದಿತ್ತಲ್ಲ?"

"ತಗೋಬಹುದಿತ್ತೇನೋ." ಅವಳು ಮಡಿಲಿನಲ್ಲಿದ್ದ ಚೀಲದ ಹಿಡಿಯನ್ನು ಸರಿಮಾಡಿಕೊಂಡಳು. "ಅವರು ಹೇಳಿದ ದಿನ, ತಗೋತೀನಿ ಅಂದ್ಕೊಂಡೆ. ಬಾಗಿಲ ಹತ್ರ ನಿಂತು ಹೇಳಿದ್ರಲ್ಲ. ಆವತ್ತು ಪಕ್ಕದ ಮನೇಲೂ ಬಾಗಿಲ ಹತ್ರವೇ ನಿಂತಿದ್ದು. ದಿನಾ ಆ ಬಾಗಿಲಲ್ಲಿ ಅವರನ್ನ ನೋಡ್ಬೇಕಲ್ಲ ಅತ್ತಿಗೆ ನಾನು. ಸಂಜೆ ಬಸ್ಸಿಳಿದು ಬರೋ ಹೊತ್ತಿಗೆ ಅಲ್ಲೇ ನಿಂತಿರ್ತಾರೆ. ಪಾಪ. ನನಗೆ ಅವರ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ರೆ, ಬಯ್ದು ಅಲ್ಲೇ ಇರಬಹುದಿತ್ತು."

ಚನ್ನರಾಯಪಟ್ಟಣದಲ್ಲಿ ಅವಳ ಮನೆಯ ಮುಂದೆ ಸಾಮಾನು ಇಳಿಸುವಾಗ ಅವಳು ನನ್ನ ತೋಳು ಹಿಡಿದು, "ಅರ್ಜಿ ಯಾವಾಗ ಹಾಕಿದ್ದು ಅಂತ ಅತ್ತೆಗೆ ಹೇಳ್ಬೇಡಿ" ಅಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಹೇಳಿದರೆ, ತನ್ನ ಮಾತಿನಿಂದಲೇ ಸೊಸೆ ಹೋದಳು ಎಂಬ ಸಂಕಟ ಅವ್ವನಿಗೆ ಇಳಿಯುತ್ತದೆ. ಆದರೆ ಒಂದು ವರ್ಷ ತಟ್ಟೆ ಹಾಕಿದವಳು ಎಲ್ಲ ಗೊತ್ತಿದ್ದೇ ಹಾಕುತ್ತಿದ್ದಳು ಎಂಬುದು ಆ ಜಾಗಕ್ಕೆ ಬಂದು ಕೂರುತ್ತದೆ.

ತಮ್ಮನ ಲೆಕ್ಕದಲ್ಲಿ ಇದು ತೂತು. ಕಾರಣ ಮೊದಲು ಬರಬೇಕು, ಪರಿಣಾಮ ಆಮೇಲೆ. ಹಿಂದುಮುಂದಾದ ಸಿನಿಮಾಗಳನ್ನು ಅವನು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಅವ್ವನ ಕತೆಯಲ್ಲಿ ಅವಳು ಹೇಳಿದ್ದು ಮೊದಲು, ಸೊಸೆ ಹೊರಟದ್ದು ಆಮೇಲೆ. ನಡೆದದ್ದು ಹಾಗಲ್ಲ. ನಡೆದ ಕ್ರಮ ಗೊತ್ತಿರುವವರು ಇಬ್ಬರು, ಅದರಲ್ಲಿ ನಾನೊಬ್ಬಳು.

ಹೊಳೆನರಸೀಪುರದ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಫ್ಲೆಕ್ಸ್ ಮೆಷಿನ್ನನ್ನು ಅರಸೀಕೆರೆ ಕಡೆಯವರು ಕೊಂಡುಹೋದರು. ಅವ್ವ ಈಗ ಹಾಸನದಲ್ಲಿ ನನ್ನ ಜೊತೆ ಇದ್ದಾಳೆ. ಪಕ್ಕದ ಮನೆಯಾಕೆ ಹಾಸನಕ್ಕೆ ಬಂದಾಗಲೆಲ್ಲ ಮಾತಾಡಿಸಿಕೊಂಡು ಹೋಗುತ್ತಾಳೆ. ಆಕೆಯ ಮೊಮ್ಮಗಳು ಓಡಾಡುತ್ತಿದೆ.

ಅವ್ವ ಆಗಾಗ ಕೇಳುತ್ತಾಳೆ. ತರಕಾರಿ ಹೆಚ್ಚುತ್ತ, ಬೇರೆ ಏನೋ ಮಾತಿನ ನಡುವೆ.

"ನಾನು ಏಳ್ದೇ ಇದ್ದಿದ್ರೆ ಇರ್ತಿದ್ಲಾ ಅವಳು?"

ನಾನು ಪ್ರತಿ ಸಲ ಒಂದೇ ಉತ್ತರ ಕೊಡುತ್ತೇನೆ. "ನೀನು ಹೇಳಿದ್ದು ಸರಿಯಾಗೇ ಇತ್ತವ್ವ." ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತು. ಮತ್ತೆ ಕೇಳುವುದಿಲ್ಲ, ಮುಂದಿನ ಸಲದವರೆಗೆ.

ನಿನ್ನೆ ಸಂಜೆ ತಮ್ಮನ ಹೆಂಡತಿಯ ಫೋನ್ ಬಂತು. ನುಗ್ಗೇಹ‌ಳ್ಳಿಗೆ ವರ್ಗವಾದ ಮೇಲೆ ಅವಳಾಗಿ ಮಾಡಿದ್ದು ಇದೇ ಮೊದಲು. ಅತ್ತೆ ಇದ್ದಾರಾ ಎಂದು ಕೇಳಿದಳು. ಅವ್ವ ಬಚ್ಚಲಿನಲ್ಲಿದ್ದಳು, ಹಾಗೆಂದೆ. ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟಳು. ಅವ್ವ ಹೊರಗೆ ಬಂದ ಮೇಲೆ ಹೇಳಿದೆ. ಅವಳು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಳು. ಇದನ್ನು ಬರೆಯುವ ಹೊತ್ತಿಗೆ ಫೋನ್ ಬಂದಿಲ್ಲ.